ಮೊದಲ ಕೊಡದ ನೀರು

ನೀರು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೆಲಸ ಏನೆಂದು ನಿಮ್ಮ ಮನೆಯವರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ನಗರದ ಅಂಚಿನ ಪಡೀಲಿನಲ್ಲಿ ಗದ್ದೆ ಮಾಡಿಕೊಂಡಿದ್ದ ನನ್ನ ಅಮ್ಮ, ನಾನು ದಿನಾ ನೇತ್ರಾವತಿಯ ನೀರನ್ನು ಚಮಚದಲ್ಲಿ ರುಚಿ ನೋಡಿ ಮೇಲಿನವರಿಗೆ ವರದಿ ಕೊಡುತ್ತೇನೆ ಎಂದೇ ತೀರಿಕೊಳ್ಳುವವರೆಗೂ ನಂಬಿದ್ದಳು. ನನಗೆ ನೆಗಡಿಯಾದರೆ "ಇವತ್ತು ನಿನಗೆ ರುಚಿ ಗೊತ್ತಾಗ್ಲಿಕ್ಕಿಲ್ಲ, ರಜೆ ಹಾಕು" ಎನ್ನುತ್ತಿದ್ದಳು. ಅವಳನ್ನು ತಿದ್ದುವ ಪ್ರಯತ್ನವನ್ನು ನಾನು ಬೇಗನೇ ಬಿಟ್ಟೆ. ಆ ನೆಪದಲ್ಲಿ ಒಂದೆರಡು ರಜೆ ಸಿಕ್ಕಿದ್ದೂ ಉಂಟು.

ನನ್ನ ಹೆಸರು ಗುಲಾಬಿ. ನಮ್ಮ ಕರಾವಳಿ ನಗರದ ನೀರಿನ ಲ್ಯಾಬಿನಲ್ಲಿ ಸ್ಯಾಂಪಲ್ ತಂದು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ ಅಲ್ಲಿಂದಲೇ ನಿವೃತ್ತಳಾದೆ. ನಡುವೆ ಹುದ್ದೆಯ ಹೆಸರು ಬದಲಾಯಿತು, ಕುರ್ಚಿ ಬದಲಾಯಿತು. ಅದನ್ನೆಲ್ಲ ಬರೆದರೆ ನಿಮಗೆ ಆಕಳಿಕೆ ಬಂದೀತು. ಬದಲಾಗದೆ ಉಳಿದದ್ದು ನನ್ನ ಕೈಯಲ್ಲಿದ್ದ ಬಾಟಲಿಗಳ ನೀಲಿ ಡಬ್ಬ. ಬಂದರಿನ ಮೀನು ಮಾರುವ ಹೆಂಗಸರು ನನಗೆ ಬಾಟ್ಲಿ ಅಕ್ಕ ಎಂದು ಹೆಸರಿಟ್ಟಿದ್ದರು. "ಬಾಟ್ಲಿ ಅಕ್ಕ ಬಂದ್ರು" ಎಂದು ಅವರು ದೂರದಿಂದ ಕೂಗಿದರೆ, ಗೊತ್ತಿಲ್ಲದ ಗಿರಾಕಿಗಳು ನನ್ನ ನಡಿಗೆಯನ್ನು ಅನುಮಾನದಿಂದ ನೋಡುತ್ತಿದ್ದರು.

ನಮ್ಮ ಲ್ಯಾಬಿನ ಮುಖ್ಯಸ್ಥರು ಶೆಣೈ ಸರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ನಶ್ಯದ ಡಬ್ಬಿ. ಕೋಪ ಬಂದರೆ ಕೊಂಕಣಿಯಲ್ಲಿ ಗೊಣಗುತ್ತಿದ್ದರು, ತುಂಬ ಕೋಪ ಬಂದರೆ ಸುಮ್ಮನಾಗುತ್ತಿದ್ದರು. ಸ್ಯಾಂಪಲ್ ತೆಗೆಯುವುದನ್ನು ನನಗೆ ಕಲಿಸಿದವರು ಅವರೇ. ಮೊದಲು ನಳ್ಳಿಯ ಬಾಯಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಬೆಂಕಿಯಿಂದ ಸುಡಬೇಕು. ಆಮೇಲೆ ನೀರನ್ನು ಸಾಕಷ್ಟು ಹೊತ್ತು ಹರಿಯಲು ಬಿಡಬೇಕು. ಆಮೇಲೆಯೇ ಬಾಟಲಿ ಹಿಡಿಯಬೇಕು. ನಮಗೆ ಬೇಕಾದದ್ದು ರಸ್ತೆಯ ದೊಡ್ಡ ಪೈಪಿನಲ್ಲಿ ಬರುವ ನೀರಿನಲ್ಲಿ ರೋಗಾಣು ಉಂಟೋ ಇಲ್ಲವೋ ಎಂಬುದು, ನಳ್ಳಿಯ ಮೂತಿಗೆ ಅಂಟಿದ ಕೊಳೆಯ ಲೆಕ್ಕವಲ್ಲ.

"ಹರಿಯಲಿ, ಹರಿಯಲಿ" ಎನ್ನುತ್ತಿದ್ದರು ಶೆಣೈ ಸರ್. "ಅವಸರ ಮಾಡಿದವರು ನಳ್ಳಿಯ ಜಾತಕ ತರ್ತಾರೆ, ನೀರಿನದ್ದಲ್ಲ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ನಮ್ಮನ್ನು ಸುತ್ತಿ ಸುತ್ತಿ ಹೊಡೆಯಿತು.

ಬೆಂಕಿಯ ಪದ್ಧತಿ ನಿಂತದ್ದು ನನ್ನಿಂದ. ಅತ್ತಾವರದ ಒಂದು ನರ್ಸುಗಳ ಹಾಸ್ಟೆಲಿಗೆ ಹೋಗಿದ್ದೆ. ಎಂದಿನಂತೆ ಹತ್ತಿ ಹೊತ್ತಿಸಿ ನಳ್ಳಿಗೆ ಹಿಡಿದೆ. ನಳ್ಳಿ ಹಿತ್ತಾಳೆಯಂತೆಯೇ ಹೊಳೆಯುತ್ತಿತ್ತು, ಆದರೆ ಪ್ಲಾಸ್ಟಿಕ್. ನೋಡನೋಡುತ್ತಿದ್ದಂತೆ ಅದರ ಮೂಗು ಜೋತುಬಿದ್ದು ನೀರು ಛಾವಣಿಗೆ ಚಿಮ್ಮಿತು. ಡ್ಯೂಟಿ ಮುಗಿಸಿ ಮಲಗಿದ್ದ ಹುಡುಗಿಯರೆಲ್ಲ ಎದ್ದು ಬಂದು ಕೇಕೆ ಹಾಕಿ ನಕ್ಕರು. ನಮ್ಮ ಫಿಟ್ಟರ್ ಲಾರೆನ್ಸಣ್ಣ ಬಂದು ಹೊಸ ನಳ್ಳಿ ಕೂರಿಸುವವರೆಗೆ ನಾನು ತೂತಿಗೆ ಹೆಬ್ಬೆರಳು ಒತ್ತಿ ನಿಂತಿದ್ದೆ. "ಗುಲಾಬಿ ಅಕ್ಕ, ನೀವು ಸ್ಯಾಂಪಲ್ ತೆಗೀಲಿಕ್ಕೆ ಬಂದದ್ದಾ, ಸ್ನಾನಕ್ಕಾ?" ಎಂದು ಅವರು ಕೇಳಿದ್ದನ್ನು ಲ್ಯಾಬಿನಲ್ಲಿ ವರ್ಷಗಟ್ಟಲೆ ಆಡಿಕೊಂಡರು. ಆಮೇಲೆ ನಾವು ನಳ್ಳಿಯನ್ನು ಮದ್ದಿನ ನೀರಿನಿಂದ ಒರೆಸಲು ಶುರು ಮಾಡಿದೆವು.

ಕ್ಲೋರಿನ್ ನೋಡುವ ವಿಧಾನವೂ ಬದಲಾಯಿತು. ನಾನು ಸೇರಿದಾಗ ದ್ರಾವಣದ ಹನಿ ಹಾಕಿದರೆ ನೀರು ಹಳದಿಯಾಗುತ್ತಿತ್ತು. ಆಮೇಲೆ ಮಾತ್ರೆ ಬಂತು, ನೀರು ಗುಲಾಬಿ ಬಣ್ಣಕ್ಕೆ ತಿರುಗತೊಡಗಿತು. ಜನರ ದೂರು ಮಾತ್ರ ಅದೇ, ನೀರಿಗೆ ಮದ್ದಿನ ವಾಸನೆ ಎಂದು. ವಾಸನೆ ಬಂದರೆ ಅವರು ಬೈಯುತ್ತಾರೆ, ಬಾರದಿದ್ದರೆ ನಾವು ಹೆದರಬೇಕು. ಬೈಸಿಕೊಂಡ ದಿನ ನೆಮ್ಮದಿಯಿಂದ ಮನೆಗೆ ಹೋಗುವ ಉದ್ಯೋಗ ನಮ್ಮದು.

ಇನ್ನೊಂದು ಪ್ರಸಂಗ ಬಂದರಿನ ಒಂದು ಚಾ ಹೋಟೆಲಿನದು. ಬೆಳಗಿನ ಸುತ್ತು ಶುರು ಮಾಡುವ ಮೊದಲು ಡಬ್ಬವನ್ನು ಅಲ್ಲಿ ಇಟ್ಟು, ಎದುರಿನ ಗೋದಾಮಿನಲ್ಲಿ ಬಾಗಿಲು ತೆಗೆಸಲು ಹೋಗಿದ್ದೆ. ಡಬ್ಬದಲ್ಲಿದ್ದದ್ದು ಲ್ಯಾಬಿನಲ್ಲಿ ಬೇಯಿಸಿ ರೋಗಾಣುವಿಲ್ಲದಂತೆ ಮಾಡಿದ ಬಾಟಲಿಗಳು. ಹೋಟೆಲಿನ ಯಜಮಾನತಿಗೆ ನನ್ನ ಮೇಲೆ ಪ್ರೀತಿ. ಪಾಪ ಅಕ್ಕನ ಬಾಟಲಿಗಳಿಗೆ ಧೂಳು ಕೂತೀತು ಎಂದು ಅಷ್ಟನ್ನೂ ತನ್ನ ಬಾವಿಯ ನೀರಿನಲ್ಲಿ ಲಕಲಕ ತೊಳೆದು ಮತ್ತೆ ಮುಚ್ಚಳ ಹಾಕಿಟ್ಟಿದ್ದಳು. ನನಗೆ ಗೊತ್ತಾಗಲಿಲ್ಲ. ಫಲಿತಾಂಶ ಬಂದಾಗ ಇಡೀ ಬಂದರಿನ ನೀರು ಕೊಳಕು! ಶೆಣೈ ಸರ್ ಸುಮ್ಮನಾಗಿಬಿಟ್ಟರು. ಆ ಭಾಗಕ್ಕೆಲ್ಲ ಕ್ಲೋರಿನ್ ಏರಿಸಿದರು, ಊರೆಲ್ಲ ಫೋನ್ ಮಾಡಿ ಬೈದಿತು. ಮತ್ತೆ ಚಾ ಕುಡಿಯಲು ಹೋದಾಗ ಯಜಮಾನತಿ ನಗುತ್ತಾ, "ಮೊನ್ನೆ ನಿಮ್ಮ ಬಾಟ್ಲಿ ಎಷ್ಟು ಚಂದ ತೊಳೆದು ಕೊಟ್ಟೆ, ನೀವು ಒಂದು ಮಾತೂ ಹೇಳ್ಲಿಲ್ಲ!" ಎಂದಳು. ನಾನು ಚಾ ಲೋಟವನ್ನು ಹಾಗೇ ಕೆಳಗಿಟ್ಟೆ. ಈ ಕೆಲಸದಲ್ಲಿ ಕೊಳಕಿಗಿಂತ ಹೆಚ್ಚು ಕಾಟ ಕೊಡುವುದು ಶುಚಿತ್ವ ಎಂದು ನನಗೆ ಅವತ್ತು ಅನಿಸಿತು. ಅದು ಎಷ್ಟು ನಿಜ ಎಂದು ತಿಳಿದದ್ದು ಪದ್ಮಾವತಿಯಮ್ಮನ ಮನೆಯಲ್ಲಿ.

ಆ ಕಥೆಗಾಗಿಯೇ ನಾನು ಇದನ್ನು ಬರೆಯಲು ಕೂತದ್ದು.

ಬಂದರಿನ ಹಳೇ ಗೋದಾಮುಗಳ ಹಿಂದಿನ ಓಣಿಯಲ್ಲಿ ಅನಂತ ಭಟ್ಟರ ಮನೆ. ಭಟ್ಟರು ಹತ್ತಿರದ ಸಣ್ಣ ದೇವಸ್ಥಾನದ ಅರ್ಚಕರು, ಹೆಂಡತಿ ಸಹನಾ ಶಾಲೆಯಲ್ಲಿ ಟೀಚರ್. ಮನೆಯ ಯಜಮಾನಿಕೆ ಭಟ್ಟರ ತಾಯಿ ಪದ್ಮಾವತಿಯಮ್ಮನದು. ಭಟ್ಟರ ಮಗಳು ಮೇಧಾ, ಆಗಿನ್ನೂ ಅಂಗನವಾಡಿಗೂ ಹೋಗದ ಮಗು, ಅಜ್ಜಿಯ ಸೆರಗು ಬಿಟ್ಟು ಇರುತ್ತಿರಲಿಲ್ಲ. ಅಮ್ಮ ಶಾಲೆಗೆ ಹೋದ ಮೇಲೆ ಊಟ, ನಿದ್ದೆ, ಕಥೆ ಎಲ್ಲವೂ ಅಜ್ಜಿಯ ಹತ್ತಿರವೇ.

ಆ ಮಗು ಬಿಳಿಚಿಕೊಂಡಿತ್ತು. ಹೊಟ್ಟೆನೋವೆಂದು ಅಳುತ್ತಿತ್ತು, ಊಟ ಬೇಡವೆನ್ನುತ್ತಿತ್ತು, ಕಲಿತ ಮಾತನ್ನೂ ಕಡಿಮೆ ಮಾಡಿತ್ತು. ಅತ್ತಾವರದ ಮಕ್ಕಳ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದಾಗ ರಕ್ತದಲ್ಲಿ ಸೀಸ ಕಂಡಿತು. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು, ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸದಿದ್ದರೆ ಔಷಧಿ ಕೊಟ್ಟೂ ಪ್ರಯೋಜನವಿಲ್ಲ ಎಂದು ಅವರು ಹೇಳಿದರು. ಮನೆಯ ನೀರನ್ನೊಮ್ಮೆ ನೋಡಿ ಎಂದು ಶೆಣೈ ಸರ್‌ಗೂ ಫೋನ್ ಮಾಡಿದರು.

ನಾನು ಹೋದೆ. ಕಲಿತ ಹಾಗೆ ನಳ್ಳಿಯನ್ನು ಒರೆಸಿದೆ, ನೀರನ್ನು ಹರಿಯಬಿಟ್ಟೆ, ಬಾಟಲಿ ತುಂಬಿಸಿದೆ. ಸೀಸ ನೋಡುವ ಯಂತ್ರ ನಮ್ಮಲ್ಲಿರಲಿಲ್ಲ, ಹೊರಗಿನ ದೊಡ್ಡ ಲ್ಯಾಬಿಗೆ ಕಳುಹಿಸಿದೆವು. ನೀರು ಚೊಕ್ಕ ಎಂದು ಬಂತು. ಡಾಕ್ಟರಮ್ಮನಿಗೆ ಸಮಾಧಾನವಾಗದೆ ಇನ್ನೊಮ್ಮೆ ನೋಡಿ ಎಂದರು. ಇನ್ನೊಮ್ಮೆ ನೋಡಿದೆವು, ಆಗಲೂ ಚೊಕ್ಕ.

ನೀರಲ್ಲದಿದ್ದರೆ ಮತ್ತೇನು? ಸಹನಾ ಮನೆಯನ್ನು ಜಾಲಾಡಿದಳು. ಬಣ್ಣದ ಆಟಿಕೆಗಳು ಹೋದವು. ಅಜ್ಜಿ ಮನೆಯಲ್ಲೇ ಮಾಡಿದ ಕಾಡಿಗೆ ಹೋಯಿತು. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಗಳೆಲ್ಲ ಅಟ್ಟ ಸೇರಿದವು. ಹೋದದ್ದೆಲ್ಲ ಅಜ್ಜಿಯ ಕೈಯ ವಸ್ತುಗಳೇ. ಆದರೂ ಮಗುವಿನ ಸೀಸ ಇಳಿಯಲಿಲ್ಲ. ಬೇಸಿಗೆ ರಜೆಯಲ್ಲಿ ಸಹನಾ ಮಗುವನ್ನು ಪುತ್ತೂರಿನ ತವರಿಗೆ ಕರೆದುಕೊಂಡು ಹೋದಾಗ ರಕ್ತದಲ್ಲಿ ಸೀಸ ಕಡಿಮೆಯಾಯಿತು. ವಾಪಸು ಬಂದ ಮೇಲೆ ಮತ್ತೆ ಏರಿತು. ಅಲ್ಲಿಗೆ ಸಹನಾಳ ತಾಳ್ಮೆ ಮುಗಿಯಿತು.

"ಅತ್ತೆ ಕೊಡುವುದರಲ್ಲಿ ಎಂತದೋ ಉಂಟು ಮೇಡಂ" ಎಂದಳು ನನ್ನ ಹತ್ತಿರ ಗೇಟಿನ ಬಳಿ, ತಗ್ಗಿದ ದನಿಯಲ್ಲಿ. "ಬೇಕೂಂತ ಮಾಡ್ತಾರೆ ಅಂತ ನಾನು ಹೇಳುದಿಲ್ಲ. ಆದ್ರೆ ನನ್ನ ಮಗು ಹಾಳಾಗ್ತಾ ಉಂಟು. ಈ ತಿಂಗಳು ಗೊತ್ತಾಗದಿದ್ರೆ ನಾನು ಅವಳನ್ನು ಪುತ್ತೂರಲ್ಲೇ ಬಿಡ್ತೇನೆ. ಮತ್ತೆ ಈ ಮನೆಗೆ ಕರ್ಕೊಂಡು ಬರುದಿಲ್ಲ."

ಪದ್ಮಾವತಿಯಮ್ಮ ಕಿಟಕಿಯ ಒಳಗೆ ನಿಂತಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು. ತಲೆ ತಗ್ಗಿಸಿ ಒಳಗೆ ಹೋದರು. ಆ ಮುಖ ನೋಡಿ ನನಗೆ ಅನ್ನ ರುಚಿಸಲಿಲ್ಲ. ಮಗುವಿಗೆ ವಿಷ ಹಾಕುತ್ತಿದ್ದಾಳೆ ಎಂಬ ಮಾತನ್ನು, ಯಾರೂ ಬಾಯಿಬಿಟ್ಟು ಹೇಳದೆಯೇ, ಕೇಳಿಸಿಕೊಳ್ಳುವ ಗತಿ ಯಾವ ಅಜ್ಜಿಗೂ ಬೇಡ.

ನಾನು ಶೆಣೈ ಸರ್ ಹತ್ತಿರ ಹಠ ಹಿಡಿದೆ. ಮೂರನೇ ಸಲ ಹೋಗುತ್ತೇನೆ, ಈ ಸಲ ಲಾರೆನ್ಸಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ, ಪೈಪು ನೋಡಲಿ ಎಂದೆ. "ಆ ಓಣಿಯ ಪೈಪ್ ಎಲ್ಲ ಹೊಸತು, ನಾವೇ ಹಾಕಿದ್ದು. ಹೋಗು, ನಿನ್ನ ಸಮಾಧಾನಕ್ಕೆ" ಎಂದರು.

ಲಾರೆನ್ಸಣ್ಣನಿಗೆ ಬೇರೆ ಕಡೆ ಕೆಲಸವಿದ್ದುದರಿಂದ ಇಬ್ಬರೂ ಬೆಳಕು ಹರಿಯುವ ಹೊತ್ತಿಗೇ ಹೋದೆವು. ಅಷ್ಟು ಬೇಗ ನಾನು ಆ ಮನೆಗೆ ಹೋದದ್ದು ಅದೇ ಮೊದಲು. ನಳ್ಳಿಗೆ ಕೈ ಹಾಕಿದೆನೋ ಇಲ್ಲವೋ, ಒಳಗಿನಿಂದ ಕೂಗು ಬಂತು.

"ಮುಟ್ಟಬೇಡಿ! ಮೊದಲ ನೀರು ದೇವರಿಗೆ. ಆಮೇಲೆ ನಿಮ್ಮದು ಎಂತ ಬೇಕಾದ್ರೂ ಮಾಡಿ."

ಪದ್ಮಾವತಿಯಮ್ಮ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಬಂದರು. ಅವರ ಮನೆಯ ಬಾವಿ ಹೊಳೆಗೆ ಹತ್ತಿರ, ನೀರು ಉಪ್ಪು, ಸ್ನಾನಕ್ಕೆ ಮಾತ್ರ ಆಗುತ್ತಿತ್ತು. ಹಾಗಾಗಿ ದೇವರಿಗೂ ನಳ್ಳಿಯ ನೀರೇ ಗತಿ. ನಳ್ಳಿಯ ನೀರನ್ನು ಮಡಿಗೆ ಒಪ್ಪಿಸಿಕೊಳ್ಳಲು ಅವರು ಮದುವೆಯಾಗಿ ಬಂದಾಗಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದರು. ಬೆಳಿಗ್ಗೆ ಯಾರೂ ಮುಟ್ಟುವ ಮೊದಲು ಬರುವ ನೀರು ಮಾತ್ರ ದೇವರಿಗೆ. ಒಂದು ಹನಿಯೂ ಹೊರಗೆ ಚೆಲ್ಲದಂತೆ ತಂಬಿಗೆ ತುಂಬಿಸಿ, ಆಮೇಲೆ ಸಣ್ಣ ಕೊಡ ತುಂಬಿಸಿ, ಮಾತಾಡದೆ ಒಳಗೆ ಹೋದರು.

ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಪೂಜೆ ಮುಗಿಯಿತು. ಭಟ್ಟರು ತೀರ್ಥ ತೆಗೆದುಕೊಂಡರು. ಮೇಧಾ ಕಣ್ಣುಜ್ಜುತ್ತಾ ಎದ್ದು ಬಂದಳು. ಅವಳಿಗೆ ತೀರ್ಥವೆಂದರೆ ಅಂಗೈಯಲ್ಲಿ ಮೂರು ಹನಿಯಲ್ಲ, ಬೆಳ್ಳಿಯ ಲೋಟದ ತುಂಬ. "ನೆನಪಿನ ಶಕ್ತಿ ಬರ್ತದೆ, ಪೂರ್ತಿ ಕುಡಿ ಚಿನ್ನ" ಎಂದು ಅಜ್ಜಿ ಮುದ್ದು ಮಾಡಿ ಕುಡಿಸಿದರು. ಸಣ್ಣ ಕೊಡದ ನೀರು ಅವಳಿಗೆ ರಾಗಿ ಮಣ್ಣಿ, ಅಂದರೆ ರಾಗಿಯ ಗಂಜಿ, ಕಾಯಿಸಲು ಹೋಯಿತು, ಸೊಸೆಯೇ ತಂದಿಟ್ಟ ಹೊಸ ಸ್ಟೀಲ್ ಪಾತ್ರೆಯಲ್ಲಿ. ಸಹನಾ ಅಷ್ಟರಲ್ಲಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಅವಳು ಬಾಟಲಿಗೆ ಹಿಡಿದುಕೊಂಡದ್ದು ಆಮೇಲೆ ಹರಿದ ನೀರು.

ಅದೇ ಹೊತ್ತಿಗೆ ಲಾರೆನ್ಸಣ್ಣ ಅಂಗಳದಿಂದ ಕರೆದರು. ನಳ್ಳಿಯ ಬುಡದಲ್ಲಿ ಮಣ್ಣು ಸರಿಸಿ, ಪೈಪನ್ನು ಬೀಗದ ಕೈಯಿಂದ ಗೀರಿದ್ದರು. ಕಪ್ಪು ಪೈಪಿನ ಮೇಲೆ ಗೀರು ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು.

"ಇದು ಕಬ್ಬಿಣ ಅಲ್ಲ ಗುಲಾಬಿ ಅಕ್ಕ. ಅಪ್ಪಟ ಸೀಸ. ನೋಡಿ, ಉಗುರಿಗೂ ಸಿಗ್ತದೆ."

ಲಾರೆನ್ಸಣ್ಣ ಪ್ರಾಯದಲ್ಲಿ ಬೀಡು ಕಬ್ಬಿಣದ ಪೈಪುಗಳ ಸಂದಿಗೆ ಸೆಣಬು ತುರುಕಿ, ಸೀಸ ಕಾಯಿಸಿ ಹೊಯ್ದವರು. ಉಳಿದ ತುಂಡುಗಳು ಅವರ ಭಾವನ ಮೀನುಬಲೆಗೆ ಭಾರದ ಗುಂಡುಗಳಾಗುತ್ತಿದ್ದವು. ಸೀಸವನ್ನು ಅವರು ಕಣ್ಣುಮುಚ್ಚಿ ಗುರುತಿಸುತ್ತಿದ್ದರು. ರಸ್ತೆಯ ಪೈಪನ್ನು ಇಲಾಖೆ ಬದಲಿಸಿದ್ದು ನಿಜ, ಆದರೆ ಗೇಟಿನವರೆಗೆ ಮಾತ್ರ. ಗೇಟಿನ ಒಳಗಿನದು ಮನೆಯವರ ಜವಾಬ್ದಾರಿ. ಆ ಅಂಗಳದ ನಡುವೆ ನಾಗನ ಕಲ್ಲಿತ್ತು. ಪದ್ಮಾವತಿಯಮ್ಮನ ಮಾವನವರ ಕಾಲದಲ್ಲಿ ಕಲ್ಲನ್ನು ಬಳಸಿಕೊಂಡು ಪೈಪ್ ಎಳೆಯಲು, ಹೇಗೆ ಬೇಕಾದರೂ ಬಾಗುವ ಸೀಸವನ್ನೇ ಹಾಕಿದ್ದರು. ನಾಗನ ಹತ್ತಿರ ಮಣ್ಣು ಅಗೆಯುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ.

ಪೈಪು ಸೀಸದ್ದು ಎಂದು ಗೊತ್ತಾಯಿತು. ಆದರೆ ನೀರು ಎರಡು ಸಲವೂ ಚೊಕ್ಕವೆಂದು ಏಕೆ ಬಂತು? ನಾನು ನಳ್ಳಿಯನ್ನೂ ನನ್ನ ಬಾಟಲಿಯನ್ನೂ ನೋಡುತ್ತಾ ನಿಂತೆ. ಆಗ ಶೆಣೈ ಸರ್ ಮಾತು ಕಿವಿಯಲ್ಲಿ ಕೇಳಿತು: ಹರಿಯಲಿ, ಹರಿಯಲಿ. ಆ ಓಣಿ ತಗ್ಗಿನಲ್ಲಿದೆ, ಪೈಪು ರಾತ್ರಿಯೂ ಬರಿದಾಗುವುದಿಲ್ಲ. ಒಳಗಿನ ನೀರು ಬೆಳಗಾಗುವವರೆಗೆ ಸೀಸದ ಜೊತೆ ಅಲ್ಲೇ ನಿಂತಿರುತ್ತದೆ. ಮೊದಲ ಕೊಡದಲ್ಲಿ ಅದೆಲ್ಲ ಹೊರಗೆ ಬರುತ್ತದೆ, ಆಮೇಲಿನದು ರಸ್ತೆಯಿಂದ ಬರುವ ಒಳ್ಳೆಯ ನೀರು. ನಾವು ಎರಡು ಸಲವೂ ಬೇಕಾದದ್ದನ್ನು ಚರಂಡಿಗೆ ಬಿಟ್ಟು, ಬೇಡದ್ದನ್ನು ಜೋಪಾನವಾಗಿ ಲ್ಯಾಬಿಗೆ ಒಯ್ದಿದ್ದೆವು.

ಶೆಣೈ ಸರ್‌ಗೆ ಹೇಳಿದಾಗ ಅವರು ನಶ್ಯದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. "ಅಯ್ಯೋ ದೇವಾ! ರೋಗಾಣುವಿಗೆ ಸರಿ, ಸೀಸಕ್ಕೆ ತಪ್ಪು. ಓದಿದ್ದೆ ಮಾರಾಯ್ತಿ, ಎಲ್ಲಿಯೋ ಓದಿದ್ದೆ. ಕೈ ಮಾತ್ರ ಹಳೇ ಅಭ್ಯಾಸದಲ್ಲಿ ಹೋಯ್ತು." ಆಮೇಲೆ ಪೂರ್ತಿ ಸುಮ್ಮನಾದರು. ಈ ಸಲ ಕೋಪ ತಮ್ಮ ಮೇಲೆಯೇ ಎಂದು ನನಗೆ ಗೊತ್ತಿತ್ತು.

ಇನ್ನು ಮೊದಲ ನೀರನ್ನೇ ಹಿಡಿಯಬೇಕು. ಆದರೆ ಅದು ದೇವರ ನೀರು. ಮಾರನೇ ಬೆಳಿಗ್ಗೆ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತೆ. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪ್ಲಾಸ್ಟಿಕ್ ಬಾಟ್ಲಿಗಾ? ಯಾರ್ಯಾರು ಮುಟ್ಟಿದ್ದೋ! ಆಗ್ಲಿಕ್ಕಿಲ್ಲ."

"ಮಗುವಿಗೋಸ್ಕರ ಅಮ್ಮ."

ಅವರು ಕೈ ಚಾಚಿದರು. "ಹಾಗಾದ್ರೆ ಇಲ್ಲಿ ಕೊಡಿ, ಹುಣಸೆಹುಳಿ ಹಾಕಿ ತೊಳೆದು ನಾನೇ ತುಂಬಿಸಿ ಕೊಡ್ತೇನೆ."

"ತೊಳೀಬೇಡಿ!" ಎಂದು ನಾನು ಕಿರುಚಿದೆ. ಹೋಟೆಲಿನ ಯಜಮಾನತಿಯ ಮುಖವೇ ಕಣ್ಣ ಮುಂದೆ ಬಂತು. "ಅದನ್ನು ಲ್ಯಾಬಿನಲ್ಲಿ ಆಸಿಡ್ ಹಾಕಿ ತೊಳೆದದ್ದು. ಇನ್ನು ಯಾರೂ ಒಳಗೆ ಮುಟ್ಟಬಾರದು."

"ಆಸಿಡ್ಡಾ?" ಅವರ ಮುಖ ಅರಳಿತು. "ಹಾಗಾದ್ರೆ ಅದು ಮಡಿಯೇ ಆಯ್ತಲ್ಲ. ಮೊದಲೇ ಹೇಳ್ಬಾರದಾ?"

ಒದ್ದೆ ಸೀರೆಯಲ್ಲಿ, ಮಾತಾಡದೆ, ಒಂದು ಹನಿಯೂ ಚೆಲ್ಲದೆ ಅವರು ನನ್ನ ಬಾಟಲಿ ತುಂಬಿಸಿದರು. ನನ್ನ ಸರ್ವೀಸಿನಲ್ಲಿ ಅಷ್ಟು ಶ್ರದ್ಧೆಯಿಂದ ತೆಗೆದ ಸ್ಯಾಂಪಲ್ ಇನ್ನೊಂದಿಲ್ಲ. ಅವರ ಸಣ್ಣ ಕೊಡವೂ ತುಂಬಿದ ಮೇಲಿನ ನೀರನ್ನು ಎರಡನೇ ಬಾಟಲಿಗೆ ನಾನು ಹಿಡಿದೆ. ಫಲಿತಾಂಶ ಬರುವವರೆಗೆ ಮಗುವಿಗೆ ಹರಿಯಬಿಟ್ಟ ಮೇಲಿನ ನೀರನ್ನೇ ಕೊಡಿ ಎಂದು ಸಹನಾಳಿಗೆ ಗುಟ್ಟಾಗಿ ಹೇಳಿ ಬಂದೆ.

ಎರಡನೇ ಬಾಟಲಿಯಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಮೊದಲನೆಯದರಲ್ಲಿ ಸೀಸ ಮಿತಿಯನ್ನು ಮೀರಿ ಎಷ್ಟೋ ಮೇಲಿತ್ತು.

ಈಗ ಅದನ್ನು ಪದ್ಮಾವತಿಯಮ್ಮನಿಗೆ ಹೇಳುವುದು ಹೇಗೆ? ಸಹನಾ ತಾನೇ ಹೇಳಿಬಿಡುತ್ತೇನೆ ಎಂದಳು. ನಾನು ತಡೆದೆ. ಮಗುವಿಗೆ ಸೀಸ ಹೋದದ್ದು ಯಾರ ಕೆಟ್ಟತನದಿಂದಲೂ ಅಲ್ಲ, ಮನೆಯಲ್ಲಿ ಎಲ್ಲಕ್ಕಿಂತ ಪವಿತ್ರವಾದದ್ದನ್ನು ಅಜ್ಜಿ ಎಲ್ಲಕ್ಕಿಂತ ಪ್ರೀತಿಯವಳಿಗೆ ಕೊಟ್ಟದ್ದರಿಂದ. ಸೊಸೆಯ ಬಾಯಲ್ಲಿ ಆ ಮಾತು ಬಂದರೆ ಆ ಮನೆ ಮತ್ತೆ ಒಂದಾಗಲಾರದು ಎಂದು ನನಗೆ ಹೆದರಿಕೆಯಾಯಿತು. ದಾರಿಯುದ್ದಕ್ಕೂ ಪಿಪಿಎಂ, ಪಿಪಿಬಿ ಎಂದು ಲ್ಯಾಬಿನ ಅಳತೆಗಳನ್ನೆಲ್ಲ ತಯಾರಿ ಮಾಡಿಕೊಂಡು ಹೋದೆ. ಅಡಿಗೆಮನೆಯ ಹೊಸ್ತಿಲಿನಲ್ಲಿ ಕೂತಾಗ ಎಲ್ಲ ಮರೆತು ಹೋಯಿತು.

"ಅಮ್ಮ, ನಿನ್ನೆ ತುಂಬಿಸಿಟ್ಟ ನೀರನ್ನು ಇವತ್ತು ದೇವರಿಗೆ ಹಾಕ್ತೀರಾ?"

"ಛೆ! ತಂಗಳು ನೀರಾ? ಆಗ್ಲಿಕ್ಕೇ ಇಲ್ಲ."

"ನಾವು ಬೆಳಿಗ್ಗೆ ರಸ್ತೆಗೆ ನೀರು ಬಿಡ್ತೇವಲ್ಲ, ಅದು ನಿಮ್ಮ ನಳ್ಳಿಗೆ ಬರ್ಬೇಕಾದ್ರೆ ಪೈಪಿನ ಒಳಗೆ ಮೊದಲೇ ಇದ್ದ ನೀರು ಹೊರಗೆ ಬರ್ಬೇಕಲ್ವಾ?"

"ಬರ್ಬೇಕು."

"ಆ ಪೈಪಿನ ಒಳಗಿನದ್ದು ಯಾವಾಗಿನ ನೀರು?"

ಅವರ ಕೈಯಲ್ಲಿ ಬದನೆಕಾಯಿ ಇತ್ತು. ಮೆಟ್ಟುಕತ್ತಿಯ ಮೇಲೆ ಅದು ಅರ್ಧ ಹೆಚ್ಚಿದಲ್ಲಿಗೇ ನಿಂತಿತು.

"ನಿನ್ನೆಯದ್ದು" ಎಂದರು ಮೆಲ್ಲಗೆ. ಆಮೇಲೆ, "ರಾತ್ರಿ ಇಡೀ ಆ ಪೈಪಿನಲ್ಲಿ ಇದ್ದದ್ದು. ಇಷ್ಟು ವರ್ಷ ನಾನು ದೇವರಿಗೆ ತಂಗಳು ನೀರು ಹಾಕಿದೆನಾ?"

ಮುಂದಿನದು ಅವರಿಗೇ ಹೊಳೆಯಿತು.

"ಮಗುವಿಗೆ ಕೊಟ್ಟದ್ದೂ ಅದನ್ನೇ. ಅದರಲ್ಲೇ ಸೀಸ ಇದ್ದದ್ದಲ್ವಾ?"

"ಹೌದಮ್ಮ."

ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು, ತಡೆಯಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ಸಹನಾ ಬಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನಂಗೂ ಗೊತ್ತಿರ್ಲಿಲ್ಲ ಅತ್ತೆ. ನಾನು ನಿಮ್ಮ ಪಾತ್ರೆ ಎಲ್ಲ ಅಟ್ಟಕ್ಕೆ ಹಾಕಿದೆ" ಎಂದು ಅವರ ಕೈ ಹಿಡಿದುಕೊಂಡಳು. ಮೇಧಾ ಬಂದು ಮೂವರನ್ನೂ ನೋಡಿ, ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯದೆ ಬದನೆಕಾಯಿಯ ತುಂಡನ್ನು ನನಗೆ ಕೊಟ್ಟಳು.

ಪದ್ಮಾವತಿಯಮ್ಮ ಅಳು ಮುಗಿಸಿ ಎದ್ದ ಮೇಲೆ ಅವರನ್ನು ಹಿಡಿಯುವವರಿಲ್ಲ. "ಪೈಪ್ ಇವತ್ತೇ ತೆಗೀರಿ" ಎಂದರು. ಅಗೆಯುವುದು ಹೇಗೆ, ನಾಗ ಇದ್ದಾನಲ್ಲ ಎಂದು ಭಟ್ಟರು ತಲೆ ಕೆರೆದುಕೊಂಡರು. ಕರೆಸಿದ ಲಾರೆನ್ಸಣ್ಣ ಅಂಗಳಕ್ಕೆ ಒಂದು ಸುತ್ತು ಬಂದು, "ಅಗೀಲಿಕ್ಕೆ ಯಾಕೆ ಭಟ್ರೆ? ಹಳತನ್ನು ಎರಡೂ ಕಡೆ ಕಡಿದು ಮುಚ್ಚುವ, ಅದು ನಾಗನ ಹತ್ತಿರವೇ ಇರ್ಲಿ. ಹೊಸತನ್ನು ಕಂಪೌಂಡ್ ಗೋಡೆಯ ಮೇಲೆ ಕ್ಲಾಂಪ್ ಹೊಡೆದು ತರುವ" ಎಂದರು. ಅಷ್ಟೇ. ಅಷ್ಟು ವರ್ಷ ಯಾರಿಗೂ ಹೊಳೆಯದ ಉಪಾಯ ಒಂದು ಚಾ ಕುಡಿಯುವಷ್ಟರಲ್ಲಿ ಹೊಳೆಯಿತು, ಎರಡು ದಿನದಲ್ಲಿ ಕೆಲಸ ಮುಗಿಯಿತು.

ಮಗುವಿನ ಸೀಸ ನಿಧಾನವಾಗಿ ಇಳಿಯಿತು. ಪ್ರತಿ ಸಲ ರಕ್ತದ ಫಲಿತಾಂಶ ಬಂದಾಗ ಭಟ್ಟರು ನನಗೆ ಫೋನ್ ಮಾಡುತ್ತಿದ್ದರು. ಅವರಿಗೂ ವರ್ಷಗಳಿಂದ ಹೊಟ್ಟೆನೋವಿತ್ತಂತೆ. ಸಮಾರಾಧನೆಯ ಊಟದ್ದು ಎಂದುಕೊಂಡಿದ್ದರು. ಅದೂ ಕಡಿಮೆಯಾಯಿತು, ಊಟ ಮಾತ್ರ ಕಡಿಮೆಯಾಗಲಿಲ್ಲ.

ಶೆಣೈ ಸರ್ ಮಾರನೇ ವಾರದಿಂದಲೇ ನಮ್ಮ ಕ್ರಮ ಬದಲಿಸಿದರು. ಹಳೇ ಓಣಿಗಳಲ್ಲಿ ಎರಡು ಬಾಟಲಿ: ಒಂದು ಬೆಳಗಿನ ಮೊಟ್ಟಮೊದಲ ನೀರು, ಇನ್ನೊಂದು ಹರಿಯಬಿಟ್ಟ ಮೇಲಿನದು. ನೀವೂ ಹಾಗೆಯೇ ಮಾಡಿ. ಕುದಿಸಿದರೆ ಸಾಕು ಎಂದು ಜನ ಹೇಳುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಸಾಯುವುದಿಲ್ಲ ಎಂದು ಅವರಿಗೆ ಹೇಳಿ. ಹತ್ತು ಸಲ ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ನಾನು ಆ ಓಣಿಯ ಮನೆಮನೆಗೆ ಹೋಗಿ ಹೇಳಿದೆ. ಇನ್ನೂ ಕೆಲವರ ಅಂಗಳದಲ್ಲಿ ಹಳೇ ಸೀಸ ಇರಬಹುದು, ಮೊದಲ ಕೊಡವನ್ನು ಕುಡಿಯಲು ಹಿಡಿಯಬೇಡಿ ಎಂದೆ. ಎಲ್ಲರೂ ತಲೆಯಾಡಿಸಿದರು. ವಾರ ಕಳೆದು ನೋಡಿದರೆ ಎಲ್ಲರೂ ಮೊದಲಿನ ಹಾಗೆಯೇ ಹಿಡಿಯುತ್ತಿದ್ದರು. ಈ ಕೆಲಸದಲ್ಲಿ ನನಗೆ ಸಿಟ್ಟು ಬಂದದ್ದು ಹೆಚ್ಚಾಗಿ ಇಂಥದ್ದಕ್ಕೇ.

ನಿವೃತ್ತಳಾಗಿ ಕೆಲವು ಕಾಲವಾದ ಮೇಲೆ ಒಂದು ಬೆಳಿಗ್ಗೆ ಬಂಗುಡೆ ಮೀನು ತರಲು ಬಂದರಿಗೆ ಹೋಗಿದ್ದೆ. ಕೈ ತೊಳೆಯಲು ಆ ಓಣಿಗೆ ತಿರುಗಿ, ಮೊದಲು ಸಿಕ್ಕ ಮನೆಯ ನಳ್ಳಿ ತಿರುಗಿಸಿ ಕೈ ತೊಳೆದೆ, ಬಾಯಾರಿಕೆಯಲ್ಲಿ ನಾನೇ ಹೇಳಿದ್ದನ್ನು ಮರೆತು ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ತಂದೆ. ಒಳಗಿನಿಂದ ಹೊಸದಾಗಿ ಮದುವೆಯಾದವಳಂತೆ ಕಾಣುವ ಹುಡುಗಿಯೊಬ್ಬಳು ಓಡಿಬಂದಳು.

"ಆಂಟಿ, ಕುಡೀಬೇಡಿ! ಅಂಗಳ ತೊಳೆದಾಗ್ಲಿಲ್ಲ ಇನ್ನು!"

"ಅಂಗಳಕ್ಕೂ ನನಗೂ ಎಂತ ಸಂಬಂಧ?"

"ಈ ಓಣಿಯಲ್ಲಿ ಕ್ರಮ ಉಂಟು. ಮೊದಲ ಕೊಡ ನೀರು ಅಂಗಳಕ್ಕೂ ಹೊಸ್ತಿಲಿಗೂ ಹಾಕದೆ ಒಳಗೆ ತರ್ಬಾರದು, ಬಾಯಿಗೂ ಹಾಕ್ಬಾರದು. ಹಾಕಿದ್ರೆ ಮನೆಗೆ ದರಿದ್ರ. ನಮ್ಮ ಅತ್ತೆ ಮೊದ್ಲ ದಿನವೇ ಹೇಳಿದ್ದಾರೆ."

"ಯಾವಾಗಿಂದ ಉಂಟು ಈ ಕ್ರಮ?"

"ಹಿಂದಿನಿಂದಲೇ ಉಂಟಂತೆ ಆಂಟಿ. ಶಾಸ್ತ್ರದಲ್ಲಿ ಉಂಟಂತೆ."

ನಾನು ಬೊಗಸೆಯ ನೀರನ್ನು ಅಲ್ಲೇ ಚೆಲ್ಲಿ ನೇರ ಪದ್ಮಾವತಿಯಮ್ಮನ ಮನೆಗೆ ಹೋದೆ. ಅವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಕಾಲು ಸೋತಿತ್ತು, ದನಿ ಸೋತಿರಲಿಲ್ಲ.

"ಎಂತ ಮಾರಾಯ್ತಿ, ನಿವೃತ್ತಿ ಆದ ಮೇಲೆ ಈ ಕಡೆ ತಲೆಯೇ ಹಾಕ್ಲಿಲ್ಲ ನೀನು!" ಎಂದರು. ಯಾವಾಗಲೋ ನನಗೆ ನೀವು ಎನ್ನುವುದನ್ನು ಅವರು ಬಿಟ್ಟಿದ್ದರು.

"ಅಮ್ಮ, ಮೊದಲ ಕೊಡ ಅಂಗಳಕ್ಕೆ ಅಂತ ಯಾವ ಶಾಸ್ತ್ರದಲ್ಲಿ ಉಂಟು?"

ಅವರು ಸುತ್ತ ನೋಡಿದರು, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿಪಡಿಸಿಕೊಂಡರು.

"ಮೊದ್ಲು ಇರ್ಲಿಲ್ಲ. ಈಗ ಉಂಟು." ಆಮೇಲೆ ಹೇಳಿದರು: "ನೀನು ಬಂದು ಸೀಸ ಅಂತ ಹೇಳಿ ಹೋದಿ. ನಾಲ್ಕು ದಿನ ಕೇಳಿದ್ರು, ಮತ್ತೆ ಮರೆತ್ರು. ನಾನು ಭಜನೆಗೆ ಹೋದಲ್ಲಿ ದರಿದ್ರ ಬರ್ತದೆ ಅಂದೆ. ಈಗ ಒಬ್ಬರೂ ಮರೆಯುದಿಲ್ಲ. ಯಾರ ಅಂಗಳದಡಿ ಎಂತ ಉಂಟು ಅಂತ ನಿನಗೆ ಗೊತ್ತುಂಟಾ? ನನಗೂ ಇಲ್ಲ. ಇರ್ಲಿ ಬಿಡು."

ಮೂಢನಂಬಿಕೆಯೆಂದರೆ ಉರಿದುಬೀಳುವ ನಾನು ನಕ್ಕುಬಿಟ್ಟೆ. ನಗುತ್ತಲೇ ಕಣ್ಣು ಒರೆಸಿಕೊಂಡೆ.

ಅಷ್ಟರಲ್ಲಿ ಶಾಲೆಯ ಯೂನಿಫಾರ್ಮಿನಲ್ಲಿ ಮೇಧಾ ಒಳಗಿನಿಂದ ಬಂದಳು. ಎರಡು ಜಡೆ, ನಿಲ್ಲದ ಮಾತು. ಮಗ್ಗಿಯ ಸ್ಪರ್ಧೆಯಲ್ಲಿ ತಾನು ಗೆದ್ದದ್ದು, ಪಕ್ಕದ ಬೆಂಚಿನವಳು ಸೋತದ್ದು, ಸೋತವಳು ಅತ್ತದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಬೆಳ್ಳಿಯ ಲೋಟದಲ್ಲಿ ನನಗೆ ನೀರು ಕೊಟ್ಟಳು. ನಾನು ಅದನ್ನು ಎತ್ತುವಷ್ಟರಲ್ಲಿ ಪದ್ಮಾವತಿಯಮ್ಮ ಕೈ ಅಡ್ಡ ಹಿಡಿದರು.

"ಯಾವ ಕೊಡದ್ದು ಮಗಾ?"

"ಎರಡನೇದ್ದು ಅಜ್ಜಿ. ಮೊದ್ಲನೇದ್ದು ಅಂಗಳಕ್ಕೆ ಹಾಕಿ ಆಯ್ತು."

ಅವರು ಕೈ ತೆಗೆದರು. ನಾನು ಲೋಟದ ನೀರನ್ನು ಪೂರ್ತಿ ಕುಡಿದೆ.